ಕನ್ನಡಿ ಬೀರುವಿನ ಹಿಂದೆ ಏನಿತ್ತು?

1987ರ ಏಪ್ರಿಲ್ 22, ಬುಧವಾರ. ಅಮೆರಿಕದ ಶಿಕಾಗೋ ನಗರ. ರಾತ್ರಿ ಎಂಟೂಮುಕ್ಕಾಲರ ಹೊತ್ತು. ಸರ್ಕಾರಿ ವಸತಿ ಸಮುಚ್ಚಯವೊಂದರ 11ನೇ ಮಹಡಿಯಿಂದ 52 ವರ್ಷದ ಹೆಂಗಸೊಬ್ಬರು ತುರ್ತು ಸಹಾಯದ 911 ನಂಬರಿಗೆ ಫೋನ್ ಮಾಡಿದರು. ಪಕ್ಕದ ಮನೆ ಕಡೆಯಿಂದ ಯಾರೋ ಒಳಗೆ ನುಗ್ಗುತ್ತಿದ್ದಾರೆ ಎಂದರು. ಬೀರು ಕೆಡವಿದ್ದಾರೆ ಎಂದರು.

ಫೋನ್ ಎತ್ತಿದವರಿಗೆ ಈ ಮಾತು ತಲೆಗೆ ಹೋಗಲಿಲ್ಲ. ಪಕ್ಕದವರು ಬೀರು ಕೆಡವುವುದಕ್ಕೂ ಇವರ ಮನೆಯೊಳಗೆ ನುಗ್ಗುವುದಕ್ಕೂ ಏನು ಸಂಬಂಧ? ನೆರೆಮನೆಯವರ ಜಗಳ ಎಂದು ಬರೆದುಕೊಂಡು ಪೊಲೀಸರಿಗೆ ದಾಟಿಸಿದರು. ಆಮೇಲೆ ಗುಂಡಿನ ಸದ್ದು ಕೇಳಿತೆಂದು ಬೇರೆ ಕರೆಯೂ ಬಂತು. ಪೊಲೀಸರು ಬಂದರು, ಬಾಗಿಲು ಬಡಿದರು. ಒಳಗಿಂದ ಉತ್ತರವಿಲ್ಲ. ಸಮುಚ್ಚಯದ ಕಚೇರಿಯಿಂದ ತಂದ ಬೀಗದ ಕೈ ಆ ಬೀಗಕ್ಕೆ ಹೊಂದಲಿಲ್ಲ. ವಾಪಸ್ ಹೋದರು. ಮರುದಿನ ನೆರೆಯವರು ಮತ್ತೆ ಹೇಳಿ ಕಳಿಸಿದರು. ಮತ್ತೆ ಬಂದರು, ಮತ್ತೆ ಬಡಿದರು. ಬಾಗಿಲು ಒಡೆಯುವುದು ಬೇಡ ಎಂದು ತೀರ್ಮಾನವಾಯಿತು. ಶುಕ್ರವಾರ ಬೀಗ ಕೊರೆದು ಒಳಗೆ ಹೋದಾಗ ಆ ಹೆಂಗಸು ಗುಂಡೇಟು ತಿಂದು ನೆಲದ ಮೇಲೆ ಸತ್ತು ಬಿದ್ದಿದ್ದರು.

ಕೊಲೆಗಾರರು ಬಂದದ್ದು ಬಾತ್‌ರೂಮಿನ ಕನ್ನಡಿಯ ಮೂಲಕ.

ಐದು ವರ್ಷದ ನಂತರ ಈ ಕನ್ನಡಿ 'ಕ್ಯಾಂಡಿಮ್ಯಾನ್' ಎಂಬ ದೆವ್ವದ ಸಿನಿಮಾದೊಳಗೆ ಹೋಯಿತು. ಲಕ್ಷಾಂತರ ಜನ ನೋಡಿ ಹೆದರಿದರು. ಹಾಳುಬಿದ್ದ ವಸತಿ ಸಮುಚ್ಚಯದಲ್ಲಿ ನಡೆಯುವ ಭೂತದ ಕಥೆ ಎಂದರೆ ಇವತ್ತಿಗೂ ಮೊದಲು ನೆನಪಾಗುವುದು ಅದೇ ಸಿನಿಮಾ. ಭಯದ ಕಥೆಗಳನ್ನು ಪ್ರೀತಿಯಿಂದ ಓದುವವನು ನಾನು. ಈ ಪ್ರಕರಣಕ್ಕೆ ಮತ್ತೆ ಮತ್ತೆ ಮರಳಿ ಬಂದಿದ್ದೇನೆ. ಕನ್ನಡಿ ಸಿನಿಮಾಕ್ಕೆ ಹೋಯಿತು, ಆದರೆ ಆ ಫೋನ್ ಕರೆ ಹೋಗಲಿಲ್ಲ. ನನ್ನನ್ನು ಕಾಡುವುದು ಇದೇ.

ಗೋಡೆ

ಮೊದಲು ಗೋಡೆಯನ್ನು ನೋಡೋಣ. ಇಡೀ ಪ್ರಕರಣ ಅದರ ಮೇಲೆ ನಿಂತಿದೆ.

ಆ ಸಮುಚ್ಚಯವನ್ನು ಎಬಿಎಲ್‌ಎ ಎಂದು ಕರೆಯುತ್ತಿದ್ದರು. ಅಕ್ಕಪಕ್ಕದ ನಾಲ್ಕು ಬಡಾವಣೆಗಳ ಹೆಸರಿನ ಮೊದಲಕ್ಷರ ಸೇರಿಸಿ ಮಾಡಿದ ಹೆಸರು ಅದು: ಆಡಮ್ಸ್, ಬ್ರೂಕ್ಸ್, ಲೂಮಿಸ್, ಆಬಟ್. ಕೊಲೆಯಾದದ್ದು ಗ್ರೇಸ್ ಆಬಟ್ ಹೋಮ್ಸ್‌ನಲ್ಲಿ. 1955ರಲ್ಲಿ ಕಟ್ಟಿದ್ದು. 15 ಮಹಡಿಯ ಏಳು ಕಟ್ಟಡಗಳು, ಅವುಗಳ ಸುತ್ತ ಸಾಲುಮನೆಗಳು. ಗ್ರೇಸ್ ಆಬಟ್ ಎಂದರೆ ಮಕ್ಕಳನ್ನು ದುಡಿಮೆಗೆ ಹಚ್ಚುವುದರ ವಿರುದ್ಧ ಹೋರಾಡಿದವರು, ಅಮೆರಿಕ ಸರ್ಕಾರದ ಮಕ್ಕಳ ಇಲಾಖೆಯನ್ನು ವರ್ಷಗಟ್ಟಲೆ ನಡೆಸಿದವರು. ಕಟ್ಟಿದವರಿಗೆ ಒಳ್ಳೆಯ ಉದ್ದೇಶವೇ ಇತ್ತು. ಇದನ್ನು ಮರೆಯಬಾರದು. ಹಳೆಯ ಕೊಳೆಗೇರಿಯ ಕತ್ತಲೆ ಕೋಣೆಯಿಂದ ಬಂದವರಿಗೆ ಬಿಸಿನೀರು, ಸ್ವಂತ ಬಾತ್‌ರೂಮ್, ಕಿಟಕಿ ತುಂಬ ಬೆಳಕು ಮೊದಲ ಸಲ ಸಿಕ್ಕಿದ್ದು ಇಂಥ ಕಟ್ಟಡಗಳಲ್ಲಿ.

ಅಲ್ಲಿನ ಎರಡು ಮನೆಗಳ ಬಾತ್‌ರೂಮುಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು. ಇದರಲ್ಲಿ ವಿಶೇಷವೇನಿಲ್ಲ. ನೀರಿನ ಪೈಪುಗಳೆಲ್ಲ ಒಂದೇ ಕಡೆ ಹೋದರೆ ಖರ್ಚು ಕಡಿಮೆ. ಎರಡು ಬಾತ್‌ರೂಮುಗಳ ನಡುವೆ ಒಂದು ಪೈಪ್ ಡಕ್ಟ್. ರಿಪೇರಿಗೆ ಬಂದವನು ಒಳಗೆ ನುಸುಳಿ ನಿಲ್ಲುವಷ್ಟು ಅಗಲ. ಬಾತ್‌ರೂಮಿನ ಗೋಡೆಯಲ್ಲಿ ಚೌಕಾಕಾರದ ಕಿಂಡಿ. ಆ ಕಿಂಡಿಯೊಳಗೆ ಔಷಧಿ, ಹಲ್ಲುಜ್ಜುವ ಪೇಸ್ಟು ಇಡುವ ಪುಟ್ಟ ಬೀರು, ಅದರ ಬಾಗಿಲಿಗೆ ಕನ್ನಡಿ. ಬೆಳಗ್ಗೆ ಎದ್ದು ಮುಖ ನೋಡಿಕೊಳ್ಳುವ ಕನ್ನಡಿ. ಅದರ ಹಿಂದೆ ಇಟ್ಟಿಗೆ ಇರಲಿಲ್ಲ. ಬೀರು ಕಿತ್ತರೆ ಡಕ್ಟ್, ಡಕ್ಟಿನ ಆಚೆ ಪಕ್ಕದ ಮನೆಯ ಬೀರುವಿನ ಬೆನ್ನು. ಅದನ್ನು ತಳ್ಳಿದರೆ ಪಕ್ಕದ ಮನೆ.

ಹೆಂಗಸು ಫೋನಿನಲ್ಲಿ ಹೇಳಿದ್ದು ಇದನ್ನೇ. ಒಂದಕ್ಷರವೂ ಸುಳ್ಳಿರಲಿಲ್ಲ.

ಇನ್ನೊಂದು ಸಣ್ಣ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಹೆದರಿಕೆಯ ಕಥೆ ಬರೆಯುವವರಿಗೆ ಉಪಯೋಗವಾದೀತು. ಆ ಕಾಲದ ಅಮೆರಿಕದ ಬಹಳಷ್ಟು ಕನ್ನಡಿ ಬೀರುಗಳ ಒಳಗೋಡೆಯಲ್ಲಿ ಒಂದು ತೆಳುವಾದ ಸೀಳು ಇರುತ್ತಿತ್ತು. ಗಡ್ಡ ಹೆರೆದು ಮೊಂಡಾದ ಬ್ಲೇಡನ್ನು ಅದರೊಳಗೆ ಹಾಕಬೇಕು. ಅದು ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಇಲ್ಲ, ಗೋಡೆಯೊಳಗೆ ಬೀಳುತ್ತದೆ. ಹಳೆ ಮನೆ ಕೆಡವುವಾಗ ಗೋಡೆಯ ಹೊಟ್ಟೆಯಿಂದ ತುಕ್ಕು ಹಿಡಿದ ಬ್ಲೇಡುಗಳ ರಾಶಿ ಸಿಕ್ಕಿದ್ದುಂಟು. ಕನ್ನಡಿಯ ಹಿಂದೆ ಕತ್ತಲು, ಕತ್ತಲಲ್ಲಿ ಬ್ಲೇಡು. ಕಲ್ಪನೆಗೆ ಇನ್ನೇನು ಕೆಲಸ ಉಳಿಯಿತು?

ಖಾಲಿ ಮನೆ

ಬೀರು ಕೀಳುವುದಕ್ಕೆ ಆ ಕಡೆ ಯಾರಾದರೂ ನಿಲ್ಲಬೇಕಲ್ವಾ? ಅದಕ್ಕೆ ಬೇಕಾದದ್ದು ಖಾಲಿ ಮನೆ. ಅಲ್ಲಿ ಖಾಲಿ ಮನೆಗಳಿಗೆ ಬರ ಇರಲಿಲ್ಲ.

ಅವು ಖಾಲಿಯಾದದ್ದು ಶಾಪದಿಂದಲ್ಲ, ಲೆಕ್ಕಾಚಾರದಿಂದ. ಅಮೆರಿಕದ 1937ರ ವಸತಿ ಕಾಯ್ದೆಯ ಪ್ರಕಾರ ಕಟ್ಟುವ ಖರ್ಚಿಗೆ ಕೇಂದ್ರ ಸರ್ಕಾರ ಹೆಗಲು ಕೊಡುತ್ತಿತ್ತು. ನಡೆಸುವ ಖರ್ಚು ಬಾಡಿಗೆಯಿಂದಲೇ ಹುಟ್ಟಬೇಕಿತ್ತು. ಲಿಫ್ಟ್, ಪೈಪು, ಬಾಯ್ಲರ್, ಕಸ ಎಲ್ಲಾ. ಬಾಡಿಗೆದಾರರಿಗೆ ಕಾರ್ಖಾನೆ ಕೆಲಸ ಇರುವವರೆಗೆ ಇದು ನಡೆಯಿತು. ಕೆಲಸಗಳು ಹೋದವು. ಕಡುಬಡವರು ಮಾತ್ರ ಉಳಿದರು. 1969ರಲ್ಲಿ ಬಾಡಿಗೆ ಆದಾಯದ ಶೇಕಡಾ 25 ಮೀರಬಾರದು ಎಂಬ ನಿಯಮ ಬಂತು. ಬಡವರ ಪರವಾದ ನಿಯಮ, ಬೇಕಾದದ್ದೇ. ಆದರೆ ಬಾಡಿಗೆಯಲ್ಲಿ ಕಮ್ಮಿಯಾದ ದುಡ್ಡನ್ನು ಸಾಕಷ್ಟು ತುಂಬಿಕೊಡುವವರು ಇರಲಿಲ್ಲ. ರಿಪೇರಿ ಮುಂದಕ್ಕೆ ಹೋಯಿತು. ಲಿಫ್ಟ್ ಕೆಟ್ಟರೆ ತಿಂಗಳು ಹಾಗೇ. ಒಂದು ಮನೆಯ ಪೈಪು ಒಡೆದರೆ ರಿಪೇರಿ ಮಾಡುವ ಬದಲು ಅಲ್ಲಿದ್ದವರನ್ನು ಬೇರೆ ಕಡೆ ಹಾಕಿ, ಬೀಗ ಜಡಿದು ಬಿಡುವುದು ಸುಲಭ. ಹಾಗೆ ಬಿಟ್ಟ ಮನೆಯಲ್ಲಿ ಕಳ್ಳರು ಸೇರಿಕೊಂಡರು. ಪಕ್ಕದವರು ಹೆದರಿ ಹೊರಟರೆ ಇನ್ನೊಂದು ಮನೆ ಖಾಲಿ.

ಕನ್ನಡಿ ಬೀರುವಿನ ದಾರಿ ಅಲ್ಲಿ ಇದ್ದವರಿಗೆ ಹೊಸದೇನಲ್ಲ. ಅದೇ ದಾರಿಯಲ್ಲಿ ಮೊದಲೂ ಕಳ್ಳತನ ಆಗಿತ್ತು. ಅಂದರೆ ಇದು ಕಟ್ಟಡದ ಒಳಗಿನವರಿಗೆಲ್ಲ ಗೊತ್ತಿದ್ದ ಸತ್ಯ, ಹೊರಗಿನವರಿಗೆ ನಂಬಲಾಗದ ಕಟ್ಟುಕಥೆ. ಈ ಎರಡರ ನಡುವಿನ ಅಂತರದಲ್ಲೇ ಆ ಹೆಂಗಸು ಸತ್ತದ್ದು.

ಅವರ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಅವರ ಬಗ್ಗೆ ಒಂದು ಮಾತು ಮಾತ್ರ ಹೇಳಬೇಕು. ಅವರು ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದರು. ಒಂಟಿ ಜೀವ. ದಾರಿಯಲ್ಲಿ ಸುಮ್ನೆ ಜನರ ಮೇಲೆ ಕೂಗಾಡುತ್ತಾರೆ ಎಂದು ಕಟ್ಟಡದಲ್ಲಿ ಹೆಸರಾಗಿತ್ತು. ಇಂಥವರು ಫೋನ್ ಮಾಡಿ ಗೋಡೆಯೊಳಗಿಂದ ಜನ ಬರುತ್ತಿದ್ದಾರೆ ಎಂದರೆ ಯಾರು ನಂಬುತ್ತಾರೆ? ಫೋನ್ ಎತ್ತಿದವರಿಗೆ ಅವರ ಚಿಕಿತ್ಸೆಯ ವಿಷಯವೇನೂ ತಿಳಿದಿರಬೇಕಿಲ್ಲ. ಮಾತು ಕೇಳಿದರೇ ಸಾಕಿತ್ತು, ಭ್ರಮೆ ಎನಿಸುವಂತಿತ್ತು. ಆದರೆ ಅವರು ಹೇಳಿದ್ದು ಕಟ್ಟಡದ ನಕ್ಷೆಯಲ್ಲಿ ಇದ್ದದ್ದನ್ನೇ.

ಇಬ್ಬರ ಮೇಲೆ ಕೊಲೆ ಆರೋಪ ಬಂತು. ನ್ಯಾಯಾಲಯದಲ್ಲಿ ಅದು ನಿಲ್ಲಲಿಲ್ಲ. ಸ್ಟೀವ್ ಬೊಗಿರಾ ಎಂಬ ಪತ್ರಕರ್ತ ಈ ಸಾವಿನ ಬೆನ್ನು ಹತ್ತಿ, 1987ರ ಸೆಪ್ಟೆಂಬರಿನಲ್ಲಿ ಶಿಕಾಗೋ ರೀಡರ್ ವಾರಪತ್ರಿಕೆಯಲ್ಲಿ ದೀರ್ಘ ಲೇಖನ ಬರೆದರು. ಬಾತ್‌ರೂಮಿನ ಕನ್ನಡಿಯಿಂದ ಒಳಗೆ ಬಂದರು ಎಂಬ ಅರ್ಥದ ತಲೆಬರಹ. ಅವರು ಬರೆಯದೇ ಹೋಗಿದ್ದರೆ ಈ ಕನ್ನಡಿಯ ವಿಷಯ ಆ ಕಟ್ಟಡದ ಮೆಟ್ಟಿಲು ಇಳಿಯುತ್ತಲೇ ಇರಲಿಲ್ಲ.

ದೆವ್ವ ಮೊದಲೇ ಹುಟ್ಟಿತ್ತು

ವಿಚಿತ್ರವೆಂದರೆ, ಈ ಕೊಲೆಗಿಂತ ಎರಡು ವರ್ಷ ಮೊದಲೇ ದೆವ್ವ ತಯಾರಾಗಿತ್ತು. ಅದೂ ಸಾಗರದ ಆಚೆ.

ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಕ್ಲೈವ್ ಬಾರ್ಕರ್ 1985ರಲ್ಲಿ 'ದಿ ಫಾರ್ಬಿಡನ್' ಎಂಬ ಕಥೆ ಪ್ರಕಟಿಸಿದರು. ಅದು ನಡೆಯುವುದು ಇಂಗ್ಲೆಂಡಿನ ಒಂದು ಹಾಳು ಕೌನ್ಸಿಲ್ ಎಸ್ಟೇಟಿನಲ್ಲಿ, ಅಂದರೆ ಅಲ್ಲಿನ ಸರ್ಕಾರಿ ವಸತಿ ಸಮುಚ್ಚಯದಲ್ಲಿ. ಅಲ್ಲಿನ ಗೋಡೆಬರಹಗಳ ಬಗ್ಗೆ ಪ್ರಬಂಧ ಬರೆಯಲು ಹೆಲೆನ್ ಎಂಬ ವಿದ್ಯಾವಂತ ಹೆಂಗಸು ಕ್ಯಾಮೆರಾ ಹಿಡಿದು ಹೋಗುತ್ತಾಳೆ. ಖಾಲಿ ಮನೆಯೊಂದರ ಗೋಡೆಯಲ್ಲಿ ದೊಡ್ಡದೊಂದು ಮುಖ ಬರೆದಿದೆ, ಬಾಗಿಲೇ ಅದರ ಬಾಯಿ. ಅಲ್ಲಿನ ಹೆಂಗಸರು ಭೀಕರ ಕೊಲೆಗಳ ಸುದ್ದಿ ಹೇಳುತ್ತಾರೆ. ಪೇಪರಿನಲ್ಲಿ ಅಂಥದ್ದೇನೂ ಬಂದಿಲ್ಲ. ರಾತ್ರಿ ಊಟಕ್ಕೆ ಕೂತ ಗೆಳೆಯರು ಅದೆಲ್ಲ ಬರೀ ಗಾಳಿಮಾತು ಎನ್ನುತ್ತಾರೆ. ಅವಳು ತಿರುಗಿ ಹೋದರೆ, ಹೇಳಿದವರೇ ಈಗ ಬಾಯಿ ಬಿಡುವುದಿಲ್ಲ. ಕೊನೆ ಏನಾಯಿತು ಎಂದು ನಾನು ಹೇಳುವುದಿಲ್ಲ, ಓದದವರು ಓದಿ.

ಆ ಕಥೆಯ ದೆವ್ವ ಗಾಳಿಮಾತಿನಿಂದ ಮಾಡಿದ್ದು. ಜನ ಅದರ ಬಗ್ಗೆ ಪಿಸುಗುಟ್ಟುತ್ತಿರುವವರೆಗೆ ಅದಕ್ಕೆ ಜೀವ. ಹೊರಗಿನವಳೊಬ್ಬಳು ಬಂದು ಇದೆಲ್ಲ ಸುಳ್ಳು ಎಂದು ಅನುಮಾನಪಟ್ಟರೆ ಅದಕ್ಕೆ ತನ್ನ ಇರುವಿಕೆಯನ್ನು ತೋರಿಸಿಕೊಳ್ಳಬೇಕಾಗುತ್ತದೆ. ದೆವ್ವ ಎಂದರೆ ಹಾಳು ಬಂಗಲೆ, ಹುಣಸೆಮರ, ಸತ್ತವರ ತೀರದ ಆಸೆ ಎಂದು ಬೆಳೆದ ನನಗೆ ಇದು ಹೊಸದಾಗಿತ್ತು. ಬಂಗಲೆಯ ದೆವ್ವ ಒಂದು ಮನೆತನದ್ದು. ಎಸ್ಟೇಟಿನ ದೆವ್ವಕ್ಕೆ ಮನೆತನವಿಲ್ಲ. ಅದು ಲಿಫ್ಟಿನಲ್ಲಿ, ಮೆಟ್ಟಿಲಲ್ಲಿ, ಎಲ್ಲರೂ ಓಡಾಡುವ ಕಡೆ ಇರುತ್ತದೆ. ಯಾರ ಮನೆಯ ಬಾಗಿಲನ್ನಾದರೂ ಅದು ತಟ್ಟಬಹುದು.

ಕಥೆಯಲ್ಲಿ ಕನ್ನಡಿ ಇಲ್ಲ ಎಂಬುದನ್ನು ಗಮನಿಸಿ. ಕನ್ನಡಿಯ ಮುಂದೆ ನಿಂತು ಹೆಸರು ಕರೆಯುವ ಆಟವೂ ಇಲ್ಲ. ಅವೆಲ್ಲ ಶಿಕಾಗೋದಲ್ಲಿ ಸೇರಿಕೊಂಡದ್ದು.

ಸಿನಿಮಾ

1992ರಲ್ಲಿ ಇದೇ ಕಥೆಯನ್ನು 'ಕ್ಯಾಂಡಿಮ್ಯಾನ್' ಎಂಬ ಹೆಸರಿನಲ್ಲಿ ನಿರ್ದೇಶಕ ಬರ್ನಾರ್ಡ್ ರೋಸ್ ಸಿನಿಮಾ ಮಾಡಿದರು. ಇಂಗ್ಲೆಂಡಿನ ಎಸ್ಟೇಟನ್ನು ಬಿಟ್ಟು ಶಿಕಾಗೋದ ಕ್ಯಾಬ್ರಿನಿ-ಗ್ರೀನ್‌ಗೆ ಕಥೆ ಹೊತ್ತೊಯ್ದರು.

ಕ್ಯಾಬ್ರಿನಿ-ಗ್ರೀನ್ ಎಂದರೆ ಎಬಿಎಲ್‌ಎ ಅಲ್ಲ. ಅದು ನಗರದ ಬೇರೆ ಭಾಗ. 1942ರಲ್ಲಿ ಸಾಲುಮನೆಗಳಿಂದ ಶುರುವಾಗಿ, 1957–58ರಲ್ಲಿ ಕೆಂಪು ಇಟ್ಟಿಗೆಯ ಎತ್ತರದ ಕಟ್ಟಡಗಳು, 1962ರಲ್ಲಿ ಬಿಳಿ ಕಾಂಕ್ರೀಟಿನವು ಸೇರಿಕೊಂಡವು. ಒಟ್ಟು 3,600 ಮನೆಗಳ ಆಸುಪಾಸು, ಜನ ತುಂಬಿದ್ದಾಗ ಸುಮಾರು 15,000 ಮಂದಿ. ಹತ್ತಿರದಲ್ಲೇ ಗೋಲ್ಡ್ ಕೋಸ್ಟ್, ನಗರದ ಅತಿ ಶ್ರೀಮಂತರ ಕೇರಿ. 1981ರಲ್ಲಿ ಶಿಕಾಗೋದ ಮೇಯರ್ ಜೇನ್ ಬರ್ನ್ ಇಲ್ಲಿನ ಹಿಂಸೆ ತಡೆಯುತ್ತೇನೆಂದು ಸ್ವತಃ ಬಂದು ಮೂರು ವಾರ ಇದ್ದರು. ಆ ಹೆಸರು ಕೇಳಿದರೆ ಅಮೆರಿಕದವರು ಬೆಚ್ಚುತ್ತಿದ್ದರು. ಸಿನಿಮಾಕ್ಕೆ ಬೇಕಾದದ್ದು ಅದೇ ಹೆಸರು.

ಹೆಲೆನ್ ಇಲ್ಲೂ ಇದ್ದಾಳೆ, ಈಗ ವಿಶ್ವವಿದ್ಯಾಲಯದಲ್ಲಿ ನಗರದ ದಂತಕಥೆಗಳ ಬಗ್ಗೆ ಸಂಶೋಧನೆ ಮಾಡುವವಳು. ಕನ್ನಡಿ ಮುಂದೆ ಐದು ಸಲ ಹೆಸರು ಕರೆದರೆ ಕೈಗೆ ಕೊಕ್ಕೆ ಸಿಕ್ಕಿಸಿಕೊಂಡ ಕ್ಯಾಂಡಿಮ್ಯಾನ್ ಬರುತ್ತಾನೆ ಎಂಬ ಮಾತು ಅವಳಿಗೆ ಸಿಗುತ್ತದೆ. ಹಳೆ ಪತ್ರಿಕೆಗಳನ್ನು ಹುಡುಕಿದಾಗ ಕನ್ನಡಿ ಬೀರುವಿನಿಂದ ನುಗ್ಗಿ ಹೆಂಗಸನ್ನು ಕೊಂದ ಸುದ್ದಿ ಕಣ್ಣಿಗೆ ಬೀಳುತ್ತದೆ. ಸತ್ತವಳ ಹೆಸರು, ನಿಜವಾಗಿ ಸತ್ತವರ ಹೆಸರಿಗೆ ತುಂಬ ಹತ್ತಿರ. ಅವರ ಮನೆತನದ ಹೆಸರು ಇನ್ನೊಂದು ಪಾತ್ರಕ್ಕೆ ಅಂಟಿದೆ.

ಇಡೀ ಸಿನಿಮಾದಲ್ಲಿ ನನ್ನನ್ನು ಹೆಚ್ಚು ಹೆದರಿಸಿದ್ದು ಕೊಕ್ಕೆಯಲ್ಲ, ಜೇನುನೊಣವೂ ಅಲ್ಲ. ಹೆಲೆನ್ ತನ್ನ ಗೆಳತಿಯನ್ನು ಬಾತ್‌ರೂಮಿಗೆ ಕರೆದೊಯ್ಯುವ ದೃಶ್ಯ. ಅವಳಿರುವುದು ಚೆಂದದ, ದುಬಾರಿ ಫ್ಲ್ಯಾಟು. ಅದೂ ಮೊದಲು ಸರ್ಕಾರಿ ವಸತಿಗಾಗಿ ಕಟ್ಟಿದ್ದೇ, ಆಮೇಲೆ ಗೋಡೆಗೆ ಗಿಲಾವು ಮಾಡಿ ಉಳ್ಳವರಿಗೆ ಮಾರಿದ್ದು ಎಂದು ಅವಳು ಕಂಡುಹಿಡಿದಿದ್ದಾಳೆ. ನಕ್ಷೆ ಒಂದೇ. ಕನ್ನಡಿ ಬೀರು ತೆಗೆದು ತೋರಿಸುತ್ತಾಳೆ. ಹಿಂದೆ ಗೋಡೆ ಇಲ್ಲ. ಕಿರುಚಾಟವಿಲ್ಲ, ರಕ್ತವಿಲ್ಲ. ನಮ್ಮ ಸ್ನಾನದ ಕನ್ನಡಿಯ ಹಿಂದೆ ಏನಿದೆ ಎಂದು ನಾವು ಯಾವತ್ತೂ ನೋಡಿಲ್ಲ ಎಂಬುದು ಆಗ ನೆನಪಾಗುತ್ತದೆ. ಆ ರಾತ್ರಿ ನಾನು ಹಲ್ಲುಜ್ಜುವಾಗ ಕನ್ನಡಿಯನ್ನು ಬೆರಳಿನಿಂದ ತಟ್ಟಿ ನೋಡಿದ್ದು ನಿಜ.

ಆಮೇಲೆ ಅವಳು ಕ್ಯಾಬ್ರಿನಿಯ ಖಾಲಿ ಮನೆಯಲ್ಲಿ ಅಂಥದೇ ಕಿಂಡಿಯಿಂದ ತೂರಿ ಆಚೆ ಬರುತ್ತಾಳೆ. ಹಿಂತಿರುಗಿ ನೋಡಿದರೆ ಅವಳು ಬಂದದ್ದು ಗೋಡೆಯಲ್ಲಿ ಬರೆದ ದೊಡ್ಡ ಮುಖದ ಬಾಯಿಂದ. ಬಾರ್ಕರ್ ಕಥೆಯ ಚಿತ್ರ ಮತ್ತು ಶಿಕಾಗೋದ ಕಿಂಡಿ ಒಂದೇ ಗೋಡೆಯಲ್ಲಿ ಬೆಸೆದುಕೊಂಡ ಕ್ಷಣ ಅದು. ಎಲ್ಲಿಯದೋ ಕಟ್ಟುಕಥೆಗೆ ಇನ್ನೆಲ್ಲಿಯದೋ ನಿಜ ಇಷ್ಟು ಸರಿಯಾಗಿ ಕೂತದ್ದನ್ನು ನಾನು ಬೇರೆ ಕಡೆ ನೋಡಿಲ್ಲ.

ಸಿನಿಮಾ ಕುರುಡಾಗಿಯೂ ಇರಲಿಲ್ಲ. ಹೆಲೆನ್ ಮೇಲೆ ಹಲ್ಲೆಯಾದಾಗ ಪೊಲೀಸರು ಇಡೀ ಜಾಗವನ್ನು ಮುತ್ತಿ ಆರೋಪಿಯನ್ನು ಹಿಡಿಯುತ್ತಾರೆ. ಅವಳೇ ಅದನ್ನು ಎತ್ತಿ ಆಡುತ್ತಾಳೆ: ಅಲ್ಲಿ ಇಬ್ಬರು ಸತ್ತಾಗ ಯಾರೂ ಬರಲಿಲ್ಲ, ಬಿಳಿಯಳೊಬ್ಬಳಿಗೆ ಏಟು ಬಿದ್ದದ್ದೇ ತಡ ಎಲ್ಲರೂ ಬಂದರು ಎಂದು.

ಬಿಟ್ಟುಹೋದದ್ದು

ಈಗ ನನ್ನ ತಕರಾರು.

ಸಿನಿಮಾದ ದೆವ್ವ ನಂಬಿಕೆಯಿಂದ ಬದುಕುತ್ತದೆ. ಕ್ಯಾಬ್ರಿನಿಯ ಜನ ಅವನನ್ನು ನಂಬುತ್ತಾರೆ, ಹೆದರುತ್ತಾರೆ, ಅವನಿಗಾಗಿ ಗೋಡೆ ಮೇಲೆ ಬರೆಯುತ್ತಾರೆ. ಹೊರಗಿನವಳು ನಂಬದೇ ಇದ್ದದ್ದಕ್ಕೆ ಅವನು ಕೆರಳುತ್ತಾನೆ. ಅಲ್ಲಿನ ಭಯವೆಲ್ಲ ಜಾಸ್ತಿ ನಂಬುವ ಬಡವರಿಂದ ಹುಟ್ಟುತ್ತದೆ. 1987ರ ಏಪ್ರಿಲ್‌ನಲ್ಲಿ ನಡೆದದ್ದು ತದ್ವಿರುದ್ಧ. ಅಲ್ಲಿ ಒಬ್ಬ ಹೆಂಗಸು ಸತ್ಯ ಹೇಳಿದರು, ಕೇಳಿದವರು ನಂಬಲಿಲ್ಲ. ಬಾಗಿಲ ಹೊರಗೆ ಎರಡು ದಿನ ಜನ ಬಂದು ನಿಂತು ಹೋದರು. ಕೊಂದವರಿಗೆ ಒಳಗೆ ಬರಲು ಗೋಡೆಯಲ್ಲೇ ದಾರಿ ಇತ್ತು, ಸಹಾಯಕ್ಕೆ ಬಂದವರಿಗೆ ಬಾಗಿಲಲ್ಲೂ ಇರಲಿಲ್ಲ.

ಇದಕ್ಕಿಂತ ಭಯಂಕರವಾದ ದೃಶ್ಯ ನನಗೆ ತೋಚುವುದಿಲ್ಲ. ಸಿನಿಮಾದಲ್ಲಿ ಆ ಕೊಲೆ ಬರುವುದು ಬರೀ ಪೇಪರ್ ಕಟಿಂಗ್ ಆಗಿ, ಹೆಲೆನ್‌ಳ ಸಂಶೋಧನೆಗೆ ಒಂದು ಸುಳಿವಾಗಿ. ಫೋನ್ ಹಿಡಿದು ನಿಂತ ಆ ಹೆಂಗಸಿನ ಕಣ್ಣಿನಿಂದ ನಾವು ಆ ಬಾತ್‌ರೂಮನ್ನು ನೋಡುವುದೇ ಇಲ್ಲ. ನೋಡುವವಳು ಯಾವಾಗಲೂ ಹೊರಗಿಂದ ಬಂದವಳು.

ಹೊರಗಿನವರ ಕಣ್ಣಿನಿಂದ ಹೇಳಿದರೆ ಓದುಗರಿಗೆ ಸುಲಭ ಎಂದು ಬರೆಯುವವರು ವಾದಿಸಬಹುದು. ಹೆಲೆನ್ ಜೊತೆ ನಾವೂ ಮೊದಲ ಸಲ ಆ ಮೆಟ್ಟಿಲು ಹತ್ತುತ್ತೇವೆ ಎಂಬುದು ಸರಿ. ಆದರೆ ಅದಕ್ಕೊಂದು ಬೆಲೆ ಇದೆ. ಹೊರಗಿನವಳಿಗೆ ಮೂತ್ರದ ವಾಸನೆಯ ಮೆಟ್ಟಿಲು, ಕೆಟ್ಟ ಲಿಫ್ಟ್, ಗೋಡೆಬರಹ ಎಲ್ಲ ಆಗಲೇ ಭಯಾನಕ. ಅಲ್ಲೇ ಇರುವವರಿಗೆ ಅದು ದಿನನಿತ್ಯದ್ದು. ಅವರು ಅದೇ ಮೆಟ್ಟಿಲಲ್ಲಿ ಮಕ್ಕಳನ್ನು ಎತ್ತಿಕೊಂಡು ಸಾಮಾನಿನ ಚೀಲ ಹೊತ್ತು ಹತ್ತುತ್ತಾರೆ. ಬಡತನವನ್ನೇ ದೆವ್ವದ ಹಾಗೆ ತೋರಿಸಿದರೆ ನಿಜವಾದ ದೆವ್ವ ಬಂದಾಗ ತೋರಿಸಲು ಏನೂ ಉಳಿಯುವುದಿಲ್ಲ. ಅಲ್ಲಿನವರು ಬೆಚ್ಚಬೇಕಾದರೆ ದಿನನಿತ್ಯದ್ದರಲ್ಲಿ ಒಂದೇ ಒಂದು ಸಣ್ಣ ವಿಷಯ ತಪ್ಪಬೇಕು. ಪಕ್ಕದ ಮನೆ ಖಾಲಿಯಾಗಿ ಆರು ತಿಂಗಳಾಗಿದೆ, ಇವತ್ತು ಅಲ್ಲಿಂದ ನಲ್ಲಿ ತಿರುಗಿಸಿದ ಸದ್ದು ಬಂತು. ಇಷ್ಟು ಸಾಕು.

ಬರೆಯುವವರಿಗೆ ಈ ಪ್ರಕರಣದಿಂದ ಸಿಗುವುದು

ಎತ್ತರದ ಹಳೆ ಕಟ್ಟಡ ತನ್ನಷ್ಟಕ್ಕೇ ಬಹಳ ಕೆಲಸ ಮಾಡಿಕೊಡುತ್ತದೆ. ಚಳಿಗಾಲದಲ್ಲಿ ಒಳಗಿನ ಬಿಸಿಗಾಳಿ ಮೇಲಕ್ಕೆ ಏರುತ್ತದೆ, ಕೆಳಗಿನಿಂದ ತಣ್ಣನೆ ಗಾಳಿ ಎಳೆದುಕೊಳ್ಳುತ್ತದೆ. ಲಿಫ್ಟಿನ ಬಾವಿ, ಮೆಟ್ಟಿಲ ಓಣಿ, ಪೈಪ್ ಡಕ್ಟ್ ಎಲ್ಲ ಹೊಗೆಗೂಡಿನ ಹಾಗೆ ಆಗುತ್ತವೆ. ಬಾಗಿಲು ತಾನಾಗಿ ಎಳೆದುಕೊಳ್ಳುತ್ತದೆ. ನಾಲ್ಕನೇ ಮಹಡಿಯ ಸಿಗರೇಟಿನ ವಾಸನೆ ಹತ್ತನೇ ಮಹಡಿಯ ಬಾತ್‌ರೂಮಿಗೆ ಬರುತ್ತದೆ. ಪೈಪು ಹಿಗ್ಗುವಾಗ ಕುಗ್ಗುವಾಗ ಟಕ್ ಟಕ್ ಎನ್ನುತ್ತದೆ. ಗೋಡೆಗೂ ಕಿವಿ ಇದೆ ಎನ್ನುತ್ತೇವಲ್ಲ, ಇಲ್ಲಿ ಅದಕ್ಕೆ ಬಾಯಿಯೂ ಇದೆ. ಒಬ್ಬರ ಮಾತು ಡಕ್ಟಿನಲ್ಲಿ ಇಳಿದು ಬೇರೆ ಮನೆಯ ಕನ್ನಡಿಯ ಹಿಂದೆ ಗೊಣಗುತ್ತದೆ. ಓದುಗ ಇದನ್ನೆಲ್ಲ ಸಾಮಾನ್ಯ ಎಂದು ಒಪ್ಪಿಕೊಂಡ ಮೇಲೆ, ಆ ಗೊಣಗಾಟದಲ್ಲಿ ತನ್ನ ಹೆಸರು ಕೇಳಿಸಿದರೆ ಕಥೆ ಶುರುವಾಯಿತು.

ಗೋಡೆಯೊಳಗೆ ಏನಿದೆ ಎಂದು ನಿಜವಾಗಿ ವಿಚಾರಿಸಿ. ಕಲ್ಪಿಸುವುದಕ್ಕಿಂತ ಹೆಚ್ಚಿನದು ಅಲ್ಲಿ ಸಿಗುತ್ತದೆ. ಲಂಡನ್ನಿನ ಪೂರ್ವ ಭಾಗದಲ್ಲಿ ರೋನನ್ ಪಾಯಿಂಟ್ ಎಂಬ 22 ಮಹಡಿಯ ಕಟ್ಟಡ ಇತ್ತು. 1968ರ ಮೇ 16ರ ಬೆಳಗ್ಗೆ 18ನೇ ಮಹಡಿಯಲ್ಲಿ ಒಬ್ಬರು ಗ್ಯಾಸ್ ಒಲೆ ಹಚ್ಚಿದ್ದೇ ತಡ ಸ್ಫೋಟವಾಯಿತು, ಕಟ್ಟಡದ ಒಂದು ಮೂಲೆ ಮೇಲಿಂದ ಕೆಳಗಿನವರೆಗೆ ಇಸ್ಪೀಟಿನ ಮನೆಯ ಹಾಗೆ ಕುಸಿಯಿತು. ನಾಲ್ವರು ಸತ್ತರು. ಜನ ಆ ಕಟ್ಟಡಕ್ಕೆ ಬಂದು ಕೆಲವೇ ವಾರ ಆಗಿತ್ತು. ಅದನ್ನು ರಿಪೇರಿ ಮಾಡಿ ಮತ್ತೆ ಜನರನ್ನು ತುಂಬಿದರು. 1986ರಲ್ಲಿ ಕಟ್ಟಡವನ್ನು ಒಂದೊಂದೇ ಮಹಡಿ ಬಿಚ್ಚಿದಾಗ, ಕಾಂಕ್ರೀಟ್ ಹಲಗೆಗಳನ್ನು ಬೆಸೆಯಬೇಕಿದ್ದ ಗಾರೆಯ ಜಾಗದಲ್ಲಿ ಹಳೆ ಪೇಪರು, ಕಸ ತುರುಕಿದ್ದು ಕಂಡಿತು. ಅಷ್ಟು ವರ್ಷ ಜನ ಅದರೊಳಗೆ ಮಲಗಿ ಎದ್ದಿದ್ದರು. ಗಾಳಿ ಜೋರಾದ ರಾತ್ರಿ ಕಟ್ಟಡ ನರಳುತ್ತದೆ ಎಂದು ಯಾರಾದರೂ ದೂರು ಕೊಟ್ಟಿದ್ದರೆ ಅದಕ್ಕೆ ಏನು ಉತ್ತರ ಬರುತ್ತಿತ್ತು ಎಂದು ಯೋಚಿಸಿ.

ದೂರಿನ ಪುಸ್ತಕ, ಸಹಾಯವಾಣಿ, ಕೀ ಹೊಂದದ ಬೀಗ, ಇನ್ಸ್‌ಪೆಕ್ಷನ್ನಿಗೆ ಬರುವವರು. ಸಮುಚ್ಚಯದ ಭಯದ ಕಥೆಗೆ ಇವು ದೆವ್ವದಷ್ಟೇ ಮುಖ್ಯ ಪಾತ್ರಗಳು. ಬಂಗಲೆಯ ಯಜಮಾನ ಹೆದರಿದರೆ ಮಂತ್ರವಾದಿಯನ್ನು ಕರೆಸುತ್ತಾನೆ ಅಥವಾ ಮನೆ ಮಾರುತ್ತಾನೆ. ಸರ್ಕಾರಿ ಮನೆಯಲ್ಲಿ ಇರುವವರು ಅರ್ಜಿ ಬರೆಯಬೇಕು. ಬೇರೆ ಮನೆ ಸಿಗುವವರೆಗೆ ಅದೇ ಬಾತ್‌ರೂಮಿನಲ್ಲಿ ಸ್ನಾನ ಮಾಡಬೇಕು. ಹೆದರಿದವಳು ಆ ಮನೆ ಬಿಟ್ಟು ಯಾಕೆ ಹೋಗಲಿಲ್ಲ ಎಂದು ಭಯದ ಸಿನಿಮಾ ನೋಡಿ ಎಲ್ಲರೂ ಕೇಳುತ್ತೇವಲ್ಲ? ಇಲ್ಲಿ ಅದಕ್ಕೆ ಉತ್ತರ ಕಥೆಯೊಳಗೇ ಇದೆ, ಬರೆಯುವವರು ನೆಪ ಹುಡುಕಬೇಕಿಲ್ಲ.

ಇಷ್ಟು ದಿನ ಯೋಚಿಸಿದ ಮೇಲೆ ನನಗೆ ಅನ್ನಿಸುವುದು, ಈ ಕಥೆಯನ್ನು ನಾನು ಬರೆಯುವುದಾದರೆ ದೆವ್ವವನ್ನು ಕನ್ನಡಿಯ ಹಿಂದೆ ಇಡುವುದಿಲ್ಲ. ಫೋನಿನ ಆ ತುದಿಯಲ್ಲಿ ಇಡುತ್ತೇನೆ. ಹೆಂಗಸು ಹೇಳುತ್ತಾಳೆ, ಆ ಕಡೆಯವರು ಸಮಾಧಾನವಾಗಿ ಕೇಳಿಸಿಕೊಂಡು ಬರೆದುಕೊಳ್ಳುತ್ತಾರೆ. ಅವಳು ಹೇಳಿದ್ದು ಒಂದು, ಬರೆದದ್ದು ಇನ್ನೊಂದು. ಪ್ರತಿ ಸಲವೂ.

ದೀಪಗಳು

ಸಿನಿಮಾ ಅಮೆರಿಕದಲ್ಲಿ ಬಿಡುಗಡೆಯಾದದ್ದು 1992ರ ಅಕ್ಟೋಬರ್ 16ರಂದು. ಅದಕ್ಕೆ ಮೂರು ದಿನ ಮೊದಲು, ಅಕ್ಟೋಬರ್ 13ರ ಬೆಳಗ್ಗೆ, ಕ್ಯಾಬ್ರಿನಿ-ಗ್ರೀನ್‌ನಲ್ಲಿ ಏಳು ವರ್ಷದ ಹುಡುಗನೊಬ್ಬ ಅಮ್ಮನ ಜೊತೆ ಶಾಲೆಗೆ ನಡೆದು ಹೋಗುತ್ತಿದ್ದ. ಮೇಲಿನ ಮಹಡಿಯಿಂದ ಯಾರೋ ಹಾರಿಸಿದ ಗುಂಡು ತಗುಲಿ ಸತ್ತ. ಒಂದೇ ವಾರದಲ್ಲಿ ಥಿಯೇಟರಿನಲ್ಲಿ ಒಂದು ಕ್ಯಾಬ್ರಿನಿ, ಪೇಪರಿನಲ್ಲಿ ಇನ್ನೊಂದು.

ಎತ್ತರದ ಕಟ್ಟಡಗಳನ್ನು ಕೆಡವುವುದು 1995ರಲ್ಲಿ ಶುರುವಾಯಿತು. ಅಲ್ಲೇ ಹುಟ್ಟಿ ಬೆಳೆದವರು ಬಹಳ ಜನ ಅತ್ತರು, ಅದು ಅವರ ಮನೆ. ಕೊನೆಯ ಕಟ್ಟಡವನ್ನು ಕೆಡವಿದ್ದು 2011ರ ವಸಂತದಲ್ಲಿ. ಆಗ ಜಾನ್ ಟಿಕಿ ಎಂಬ ಕಲಾವಿದ ಅದರ ಖಾಲಿ ಫ್ಲ್ಯಾಟುಗಳಲ್ಲಿ ಒಂದೊಂದರಂತೆ 134 ದೀಪಗಳನ್ನು ಇಟ್ಟರು. ಅಲ್ಲಿನ ಮಕ್ಕಳು, ಹರೆಯದವರು ಬರೆದು ಓದಿದ ಪದ್ಯಗಳ ದನಿಯನ್ನು ಬೆಳಕಿನ ಮಿಣುಕಾಗಿ ಬದಲಿಸಿದ್ದರು. ಸಂಜೆಯಾದರೆ ಒಂದೊಂದು ಖಾಲಿ ಕಿಟಕಿಯಲ್ಲೂ ಒಂದೊಂದು ಮಗುವಿನ ಮಾತು ಮಿಣುಕುತ್ತಿತ್ತು. ಹಗಲಲ್ಲಿ ಯಂತ್ರ ಕಟ್ಟಡವನ್ನು ಕೆಡವುತ್ತಿತ್ತು. ದಿನ ಕಳೆದಂತೆ ದೀಪಗಳು ಕಮ್ಮಿಯಾದವು. ಉಳಿದವು ಕೊನೆಯವರೆಗೂ ರಸ್ತೆಯಲ್ಲಿ ನಿಂತವರ ಕಡೆ ಮಿಣುಕುತ್ತಲೇ ಇದ್ದವು.